ಅನಂತದಲ್ಲೂ ಚಿಕ್ಕದು, ದೊಡ್ಡದು

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಎಣಿಕೆಯ ಬಗ್ಗೆ, ಅದರಲ್ಲೂ ಮುಗಿಯದ ಎಣಿಕೆಯ ಬಗ್ಗೆ. ಬೋರ್ಡು, ಬಳಪ ಇಲ್ಲದೆ ಗಣಿತ ಹೇಳುವುದು ಸ್ವಲ್ಪ ಕಷ್ಟವೇ. ಹತ್ತಿರದಲ್ಲಿ ಪೆನ್ನು, ಕಾಗದ ಇದ್ದರೆ ಇಟ್ಟುಕೊಳ್ಳಿ. ಮಧ್ಯದಲ್ಲಿ ಒಂದು ಕಡೆ ಬೇಕಾಗುತ್ತದೆ.

1, 2, 3, 4 ಎಂದು ಶುರುವಾಗಿ ಮುಂದೆ ಹೋಗುತ್ತಲೇ ಇರುವವು ಸ್ವಾಭಾವಿಕ ಸಂಖ್ಯೆಗಳು. ಶಾಲೆಯಲ್ಲಿ ಓದಿದ್ದೇ. ಇವುಗಳಲ್ಲಿ ವರ್ಗಸಂಖ್ಯೆಗಳನ್ನು ಮಾತ್ರ ಆರಿಸಿ: 1, 4, 9, 16, 25. ಮುಂದೆ ಹೋದ ಹಾಗೆಲ್ಲ ಇವು ಅಪರೂಪವಾಗುತ್ತವೆ. ಮೊದಲ ನೂರರಲ್ಲಿ ಹತ್ತೇ ಹತ್ತು. ಮೊದಲ ಹತ್ತು ಸಾವಿರದಲ್ಲಿ ನೂರೇ ನೂರು. ಹಾಗಾದರೆ ವರ್ಗಸಂಖ್ಯೆಗಳು ಕಡಿಮೆ, ಅಲ್ವಾ? ಆದರೆ 1ಕ್ಕೆ 1, 2ಕ್ಕೆ 4, 3ಕ್ಕೆ 9 ಅಂತ ಜೋಡಿ ಮಾಡುತ್ತಾ ಹೋಗಿ. ಈ ಕಡೆಯೂ ಯಾರೂ ಒಂಟಿ ಉಳಿಯುವುದಿಲ್ಲ, ಆ ಕಡೆಯೂ ಉಳಿಯುವುದಿಲ್ಲ. ಅಂದ ಮೇಲೆ ಎರಡೂ ಸಮ!

ಗೆಲಿಲಿಯೊ 1638ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ಇದೇ ಪೇಚನ್ನು ಎತ್ತಿ ತೋರಿಸಿದ್ದ. ಅನಂತದ ವಿಷಯದಲ್ಲಿ ಹೆಚ್ಚು, ಕಡಿಮೆ, ಸಮ ಎಂಬ ಮಾತುಗಳೇ ಸಲ್ಲುವುದಿಲ್ಲ ಎಂದು ಅಲ್ಲಿಗೇ ಬಿಟ್ಟ. ಅದಾಗಿ ಎರಡು ಶತಮಾನಕ್ಕೂ ಜಾಸ್ತಿ ಕಳೆದ ಮೇಲೆ ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿದ್ದ ಗಿಯೋರ್ಗ್ ಕ್ಯಾಂಟರ್ ಆ ಪೇಚನ್ನೇ ನಿಯಮ ಮಾಡಿಕೊಂಡ. ಎರಡು ಗಣಗಳನ್ನು ಒಂದಕ್ಕೊಂದು ಜೋಡಿ ಮಾಡಲು ಬಂದರೆ ಅವುಗಳ ಗಾತ್ರ ಒಂದೇ, ಅಷ್ಟೇ. ತುಂಡು ಇಡಿಯಷ್ಟೇ ಇದ್ದರೆ ಇರಲಿ ಬಿಡಿ, ಅನಂತದ ಸ್ವಭಾವವೇ ಅದು.

ಈಗ ಮುಖ್ಯ ಮಾತಿಗೆ ಬರೋಣ. ಒಂದು ಗಣದ ಎಲ್ಲ ಸದಸ್ಯರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಸಂಖ್ಯೆ ಕೊಡಲು ಸಾಧ್ಯವಾದರೆ ಅದು ಎಣಿಕೆಗೆ ಸಿಗುವ ಗಣ. ಇಲ್ಲಿ ಬಹಳ ಜನ ಎಡವುತ್ತಾರೆ. ಎಣಿಕೆಗೆ ಸಿಗುತ್ತದೆ ಅಂದರೆ ಎಣಿಸಿ ಮುಗಿಯುತ್ತದೆ ಎಂದಲ್ಲ. ಸಾಲು ಎಂದೂ ಮುಗಿಯದೇ ಇರಬಹುದು. ಆದರೆ ನೀವು ಯಾವ ಸದಸ್ಯನನ್ನು ಕೇಳಿದರೂ ಅದರ ಸರದಿ ಎಷ್ಟನೆಯದು ಎಂದು ಹೇಳಲು ಬರಬೇಕು. ಹತ್ತನೆಯದೋ, ಹತ್ತು ಕೋಟಿಯನೆಯದೋ, ಒಟ್ಟಿನಲ್ಲಿ ಒಂದು ಖಚಿತ ಸಂಖ್ಯೆ. ಎಲ್ಲರ ಸರದಿ ಒಂದಲ್ಲ ಒಂದು ದಿನ ಬರಲೇಬೇಕು.

ಋಣ ಸಂಖ್ಯೆಗಳು ಸೇರಿದರೂ ತೊಂದರೆಯಿಲ್ಲ. 0, 1, -1, 2, -2 ಎಂದು ಆ ಕಡೆಯದೊಂದು, ಈ ಕಡೆಯದೊಂದು ಕರೆಯುತ್ತಾ ಹೋದರೆ ಆಯಿತು. ಮೊದಲು ಧನ ಸಂಖ್ಯೆಗಳೆಲ್ಲ ಮುಗಿಯಲಿ, ಆಮೇಲೆ ಋಣದ್ದು ನೋಡೋಣ ಅಂದರೆ ಮಾತ್ರ ಕೆಟ್ಟಿರಿ. ಋಣ ಸಂಖ್ಯೆಗಳ ಸರದಿ ಬರುವುದೇ ಇಲ್ಲ.

ಭಿನ್ನರಾಶಿಗಳ ಕಥೆ ಹಾಗಲ್ಲ. 1/2, 3/7, 22/7 ಇಂಥವು. ಯಾವ ಎರಡು ಭಿನ್ನರಾಶಿಗಳನ್ನು ತೆಗೆದುಕೊಂಡರೂ ನಡುವೆ ಇನ್ನೊಂದು ಇರುತ್ತದೆ. ಅದರ ಪಕ್ಕದಲ್ಲಿ ಮತ್ತೊಂದು. ಇಂಥ ದಟ್ಟಣೆಯಲ್ಲಿ ಸಾಲು ಮಾಡುವುದು ಹೇಗೆ? ಚಿಕ್ಕದರಿಂದ ದೊಡ್ಡದಕ್ಕೆ ಎಂದು ಹೊರಟರೆ ಮೊದಲ ಹೆಜ್ಜೆಯೇ ಇಡಲಾಗುವುದಿಲ್ಲ. ಸೊನ್ನೆಯ ನಂತರದ ಭಿನ್ನರಾಶಿ ಯಾವುದು? ಅಂಥದ್ದು ಇಲ್ಲವೇ ಇಲ್ಲ.

ಗಾತ್ರದ ಆಸೆ ಬಿಡಿ. ಅಂಶ, ಛೇದ ಎರಡನ್ನೂ ಕೂಡಿಸಿ, ಆ ಮೊತ್ತದ ಪ್ರಕಾರ ಕರೆಯಿರಿ. ಧನ ಭಿನ್ನರಾಶಿಗಳನ್ನು ಮಾತ್ರ ನೋಡೋಣ. ಮೊತ್ತ 2 ಆಗುವುದು 1/1 ಒಂದೇ. ಮೊತ್ತ 3 ಆಗುವವು 1/2 ಮತ್ತು 2/1. ಮೊತ್ತ 4ಕ್ಕೆ 1/3 ಮತ್ತು 3/1. ನಡುವೆ ಬರುವ 2/2 ಅಂದರೆ 1 ತಾನೇ, ಆಗಲೇ ಬಂದಿದೆ, ಬಿಟ್ಟುಬಿಡಿ. ಪ್ರತಿ ಮೊತ್ತಕ್ಕೂ ಕೆಲವೇ ಭಿನ್ನರಾಶಿಗಳು. ಹಾಗಾಗಿ ಒಂದೊಂದು ಕಂತೂ ಮುಗಿಯುತ್ತದೆ, ಮುಂದಿನದಕ್ಕೆ ಹೋಗಬಹುದು. 3/7ರ ಸರದಿ ಎಷ್ಟನೆಯದು? ಮೊತ್ತ 2ರಿಂದ 9ರವರೆಗಿನ ಕಂತುಗಳಲ್ಲಿ ಒಟ್ಟು 27 ಭಿನ್ನರಾಶಿಗಳು ಬಂದು ಹೋಗಿರುತ್ತವೆ. ಮೊತ್ತ 10ರ ಕಂತಿನಲ್ಲಿ ಮೊದಲು 1/9, ಆಮೇಲೆ 3/7. ಅಂದರೆ 29ನೆಯದು. ಸುಮ್ನೆ ನಂಬಬೇಡಿ, ಬರೆದು ನೋಡಿ.

ಇಲ್ಲಿಗೆ ಬಂದವರಿಗೆ ಅನಂತ ಅಂದರೆ ಎಲ್ಲವೂ ಒಂದೇ ಗಾತ್ರ ಇರಬೇಕು ಎನಿಸುವುದು ಸಹಜ. ಎಲ್ಲದಕ್ಕೂ ಏನೋ ಒಂದು ಉಪಾಯ ಇದ್ದೇ ಇರುತ್ತದೆ ಎಂದು. ಇರುವುದಿಲ್ಲ.

ಈಗ ಪೆನ್ನು ತೆಗೆದುಕೊಳ್ಳಿ. ಸೊನ್ನೆ ಮತ್ತು ಒಂದರ ನಡುವಿನ ಎಲ್ಲ ದಶಮಾಂಶ ಸಂಖ್ಯೆಗಳನ್ನೂ ಯಾರೋ ಸಾಲಾಗಿ ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಅಂಕಿಗಳು ಕೊನೆಯಿಲ್ಲದೆ ಹೋಗುವವೂ ಸೇರಿ, ಎಲ್ಲವೂ ಪಟ್ಟಿಯಲ್ಲಿ ಇವೆಯಂತೆ. ಮೊದಲನೆಯದು 0.5000 ಎನ್ನಿ. ಅದರ ಕೆಳಗೆ 0.3333. ಮೂರನೆಯದು 0.1415. ನಾಲ್ಕನೆಯದು 0.7182. ಪ್ರತಿಯೊಂದಕ್ಕೂ ಮುಂದೆ ಅಂಕಿಗಳು ಇವೆ, ಕೆಳಗೆ ಇನ್ನೂ ಸಂಖ್ಯೆಗಳು ಇವೆ.

ಮೊದಲ ಸಂಖ್ಯೆಯ ಮೊದಲ ಅಂಕಿಗೆ ಸುತ್ತು ಹಾಕಿ: 5. ಎರಡನೆಯದರ ಎರಡನೇ ಅಂಕಿ: 3. ಮೂರನೆಯದರ ಮೂರನೇ ಅಂಕಿ: 1. ನಾಲ್ಕನೆಯದರ ನಾಲ್ಕನೇ ಅಂಕಿ: 2. ಕಾಗದದ ಮೇಲೆ ಓರೆಯಾಗಿ ಇಳಿದಿವೆ, ನೋಡಿ. ಈಗ ಹೊಸ ಸಂಖ್ಯೆ ಕಟ್ಟೋಣ. ನಿಯಮ ಸುಲಭ: ಸುತ್ತಿನಲ್ಲಿ 5 ಇದ್ದರೆ 6 ಬರೆಯಿರಿ, ಬೇರೆ ಏನೇ ಇದ್ದರೂ 5 ಬರೆಯಿರಿ. ನಮಗೆ ಸಿಕ್ಕಿದ್ದು 0.6555, ಮುಂದಕ್ಕೂ ಹೀಗೇ.

ಇದು ಪಟ್ಟಿಯಲ್ಲಿದೆಯೇ? ಮೊದಲನೆಯದಂತೂ ಅಲ್ಲ, ಮೊದಲ ಅಂಕಿಯೇ ಬೇರೆ. ಎರಡನೆಯದೂ ಅಲ್ಲ, ಎರಡನೇ ಅಂಕಿ ಬೇರೆ. ಸಾವಿರನೆಯದೂ ಅಲ್ಲ, ಸಾವಿರನೇ ಅಂಕಿ ಬೇರೆ. ಎಲ್ಲವೂ ಇವೆ ಎಂದ ಪಟ್ಟಿಯಲ್ಲಿ ಇದು ಇಲ್ಲ. 0.4999 ಎಂದು ಕೊನೆಯಿಲ್ಲದೆ ಹೋಗುವುದೂ 0.5 ಕೂಡ ಒಂದೇ ತಾನೇ ಎಂದು ತಕರಾರು ತೆಗೆಯುವವರಿದ್ದಾರೆ. ತಕರಾರು ಸರಿಯೇ. ಅದಕ್ಕೇ ನಮ್ಮ ಸಂಖ್ಯೆಯಲ್ಲಿ 0, 9 ಎರಡನ್ನೂ ಬಳಸಲಿಲ್ಲ.

ಹಾಗಾದರೆ ಬಿಟ್ಟುಹೋದ ಆ ಸಂಖ್ಯೆಯನ್ನೂ ಪಟ್ಟಿಗೆ ಸೇರಿಸಿದರಾಯಿತಲ್ಲ ಎನ್ನುತ್ತೀರಾ? ಸೇರಿಸಿ. ಹೊಸ ಪಟ್ಟಿಗೂ ಇದೇ ಕೆಲಸ ಮಾಡಿದರೆ ಇನ್ನೊಂದು ಹೊರಗೆ ಉಳಿಯುತ್ತದೆ. ತಪ್ಪು ಆ ಒಂದು ಪಟ್ಟಿಯದ್ದಲ್ಲ. ಯಾವ ಪಟ್ಟಿ ತಂದರೂ ಗತಿ ಇದೇ.

ನನಗೆ ಇದಕ್ಕಿಂತ ಇಷ್ಟವಾದ ಪ್ರಶ್ನೆ ಇನ್ನೊಂದಿದೆ. ಇದೇ ಉಪಾಯವನ್ನು ಭಿನ್ನರಾಶಿಗಳ ಸಾಲಿನ ಮೇಲೆ ಪ್ರಯೋಗಿಸಿದರೆ? ಸೊನ್ನೆ, ಒಂದರ ನಡುವಿನ ಭಿನ್ನರಾಶಿಗಳನ್ನೂ ದಶಮಾಂಶದಲ್ಲಿ ಬರೆಯಬಹುದಲ್ಲ? ಆಗಲೂ ಒಂದು ಹೊಸ ಸಂಖ್ಯೆ ಸಿಗುತ್ತದೆ, ಅದು ಸಾಲಿನಲ್ಲಿ ಇರುವುದಿಲ್ಲ. ಹಾಗಾದರೆ ಭಿನ್ನರಾಶಿಗಳೂ ಎಣಿಕೆಗೆ ಸಿಗುವುದಿಲ್ಲ ಎಂದಾಯಿತೇ? ಆಗಲಿಲ್ಲ. ಭಿನ್ನರಾಶಿಯ ದಶಮಾಂಶ ರೂಪ ಒಂದೋ ನಿಂತುಹೋಗುತ್ತದೆ, ಇಲ್ಲವೇ ಒಂದು ಗುಂಪು ಅಂಕಿ ಮತ್ತೆ ಮತ್ತೆ ಬರುತ್ತದೆ. 3/7 ಅಂದರೆ 0.428571, ಆಮೇಲೆ ಮತ್ತೆ 428571. ನಾವು ಓರೆಯಾಗಿ ಕಟ್ಟಿದ ಸಂಖ್ಯೆಯಲ್ಲಿ ಇಂಥ ಮರುಕಳಿಕೆ ಇರುವುದಿಲ್ಲ. ಇದ್ದಿದ್ದರೆ ಅದೂ ಭಿನ್ನರಾಶಿಯೇ ಆಗಿ ಸಾಲಿನಲ್ಲಿ ಸಿಗಬೇಕಿತ್ತು. ಅಂದರೆ ಅದು ಭಿನ್ನರಾಶಿಯೇ ಅಲ್ಲ. ಸಾಲಿನಲ್ಲಿ ಇಲ್ಲದ್ದರಲ್ಲಿ ಆಶ್ಚರ್ಯವೂ ಇಲ್ಲ.

ಸಾಲು ಮಾಡಲು ಬರುತ್ತದೋ ಇಲ್ಲವೋ ಎಂಬುದರಿಂದ ಏನು ಬದಲಾಗುತ್ತದೆ? ಬಹಳ ಬದಲಾಗುತ್ತದೆ. ಸೊನ್ನೆಯಿಂದ ಒಂದರವರೆಗಿನ ಗೆರೆಯನ್ನು ನೆನೆಯಿರಿ. ಅದರ ಮೇಲಿನ ಭಿನ್ನರಾಶಿಗಳು ಸಾಲಿನಲ್ಲಿ ಬರಲಿ. ಮೊದಲನೆಯದರ ಮೇಲೆ 1/20 ಉದ್ದದ ಕಾಗದದ ಪಟ್ಟಿ ಅಂಟಿಸಿ. ಎರಡನೆಯದಕ್ಕೆ ಅದರರ್ಧ, 1/40. ಮೂರನೆಯದಕ್ಕೆ 1/80. ಹೀಗೇ ಅರ್ಧರ್ಧ ಮಾಡುತ್ತಾ ಹೋಗಿ. ಎಲ್ಲ ಪಟ್ಟಿಗಳ ಉದ್ದ ಕೂಡಿಸಿದರೂ 1/10 ಮಾತ್ರ. ಒಂದು ಭಿನ್ನರಾಶಿಯೂ ಬಿಡದೆ ಎಲ್ಲವನ್ನೂ ಮುಚ್ಚಿದ್ದೇವೆ, ಆದರೂ ಗೆರೆಯ ಹತ್ತರಲ್ಲಿ ಒಂಬತ್ತು ಪಾಲಾದರೂ ಬಯಲಾಗಿಯೇ ಇದೆ! ಇನ್ನೂ ಚಿಕ್ಕ ಪಟ್ಟಿಯಿಂದ ಶುರು ಮಾಡಿದರೆ ಮುಚ್ಚುವ ಉದ್ದವನ್ನು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು. ಎಲ್ಲೆಲ್ಲೂ ಕಿಕ್ಕಿರಿದಿವೆ ಎನಿಸಿದ ಭಿನ್ನರಾಶಿಗಳು ಉದ್ದದ ಲೆಕ್ಕದಲ್ಲಿ ಏನೇನೂ ಅಲ್ಲ.

ಚರಿತ್ರೆಯ ಒಂದು ಮಾತು. ಈ ಓರೆ ಉಪಾಯವೇ ಕ್ಯಾಂಟರನ ಮೊದಲ ಸಾಧನೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಬಂದದ್ದು 1891ರಲ್ಲಿ. ದಶಮಾಂಶ ಸಂಖ್ಯೆಗಳು ಎಣಿಕೆಗೆ ಸಿಗುವುದಿಲ್ಲ ಎಂದು ಅವನು 1873ರ ಡಿಸೆಂಬರಿನಲ್ಲೇ ಬೇರೆ ದಾರಿಯಿಂದ ಸಾಧಿಸಿ, ಗೆಳೆಯ ಡೆಡೆಕಿಂಡನಿಗೆ ಪತ್ರ ಬರೆದಿದ್ದ. 1877ರಲ್ಲಿ ಗೆರೆಯ ಮೇಲೆ ಇರುವಷ್ಟೇ ಬಿಂದುಗಳು ಇಡೀ ಚೌಕದಲ್ಲೂ ಇವೆ ಎಂದು ಕಂಡುಕೊಂಡಾಗ ಅದೇ ಡೆಡೆಕಿಂಡನಿಗೆ ಬರೆದ ಪತ್ರದಲ್ಲಿ, ನನಗೆ ಕಾಣುತ್ತಿದೆ, ಆದರೆ ನಂಬಲಾಗುತ್ತಿಲ್ಲ ಎಂದ. ಜರ್ಮನ್ ಪತ್ರದ ನಡುವೆ ಈ ಮಾತು ಮಾತ್ರ ಫ್ರೆಂಚಿನಲ್ಲಿತ್ತು.

ಕಂಪ್ಯೂಟರಿಗೂ ಇದಕ್ಕೂ ನಂಟಿದೆ. ಪ್ರೋಗ್ರಾಮ್ ಎಂದರೆ ಕೆಲವು ಅಕ್ಷರ, ಚಿಹ್ನೆಗಳ ಒಂದು ಬರಹ. ಎಷ್ಟೇ ಉದ್ದವಿದ್ದರೂ ಅದಕ್ಕೆ ಕೊನೆ ಇದೆ. ಚಿಕ್ಕವು ಮೊದಲು, ದೊಡ್ಡವು ಆಮೇಲೆ, ಒಂದೇ ಉದ್ದದವು ಅಕ್ಷರದ ಕ್ರಮದಲ್ಲಿ ಎಂದರೆ ಬರೆಯಬಹುದಾದ ಎಲ್ಲ ಪ್ರೋಗ್ರಾಮುಗಳೂ ಸಾಲಿಗೆ ಬಂದುಬಿಡುತ್ತವೆ. ಆದರೆ ದಶಮಾಂಶ ಸಂಖ್ಯೆಗಳು ಸಾಲಿಗೆ ಬರುವುದಿಲ್ಲ. ಅಂದ ಮೇಲೆ ಬಹುಪಾಲು ಸಂಖ್ಯೆಗಳ ಅಂಕಿಗಳನ್ನು ಒಂದೊಂದಾಗಿ ಬರೆದುಕೊಡುವ ಪ್ರೋಗ್ರಾಮೇ ಇಲ್ಲ. ಯಾರಿಗೂ ಹೊಳೆದಿಲ್ಲ ಎಂದಲ್ಲ, ಇರಲು ಸಾಧ್ಯವೇ ಇಲ್ಲ. ಪೈ ಹಾಗಲ್ಲ. ಅದರ ಅಂಕಿಗಳಿಗೆ ಕೊನೆಯಿಲ್ಲದಿದ್ದರೂ ಅವನ್ನು ಕೊಡುವ ಪುಟ್ಟ ಪ್ರೋಗ್ರಾಮ್ ಇದೆ. ಅಲನ್ ಟ್ಯೂರಿಂಗ್ 1936ರಲ್ಲಿ ಲೆಕ್ಕಕ್ಕೆ ಸಿಗುವ ಸಂಖ್ಯೆಗಳೆಂದು ಕರೆದದ್ದು ಇಂಥವನ್ನೇ. ನಾವು ದಿನಾ ಬಳಸುವ ಸಂಖ್ಯೆಗಳೆಲ್ಲ ಈ ಚಿಕ್ಕ ಗುಂಪಿನವೇ.

ಕೊನೆಗೆ ಒಂದು ಪ್ರಶ್ನೆ. ಸ್ವಾಭಾವಿಕ ಸಂಖ್ಯೆಗಳದ್ದು ಒಂದು ಗಾತ್ರ, ದಶಮಾಂಶಗಳದ್ದು ಅದಕ್ಕಿಂತ ದೊಡ್ಡದು. ಇವೆರಡರ ನಡುವಿನ ಗಾತ್ರದ ಗಣ ಯಾವುದಾದರೂ ಇದೆಯೇ? ಇಲ್ಲ ಎಂಬುದು 1878ರಲ್ಲಿ ಕ್ಯಾಂಟರ್ ಮಾಡಿದ ಊಹೆ. ಸಾಧಿಸಲು ಅವನಿಂದ ಆಗಲೇ ಇಲ್ಲ. 1900ರಲ್ಲಿ ಡೇವಿಡ್ ಹಿಲ್ಬರ್ಟ್ ಹೊಸ ಶತಮಾನಕ್ಕೆಂದು ಮುಂದಿಟ್ಟ ಸಮಸ್ಯೆಗಳಲ್ಲಿ ಇದೇ ಮೊದಲನೆಯದು. ಗಣಿತ ಇವತ್ತು ನಿಂತಿರುವ ಸಾಮಾನ್ಯ ಮೂಲನಿಯಮಗಳಲ್ಲಿ ವಿರೋಧಾಭಾಸ ಇಲ್ಲ ಎಂದಿಟ್ಟುಕೊಂಡರೆ, ಅವುಗಳಿಂದ ಈ ಊಹೆಯನ್ನು ಸುಳ್ಳೆಂದು ತೋರಿಸಲಾಗದು ಎಂದು ಕುರ್ಟ್ ಗೋಡೆಲ್ 1940ರಲ್ಲಿ ಪ್ರಕಟಿಸಿದ. ನಿಜವೆಂದೂ ತೋರಿಸಲಾಗದು ಎಂದು 1963ರಲ್ಲಿ ಪಾಲ್ ಕೋಹೆನ್ ಸಾಧಿಸಿದ. ಹೊಸ ಮೂಲನಿಯಮ ಸೇರಿಸಬೇಕೇ, ಸೇರಿಸುವುದಾದರೆ ಯಾವುದನ್ನು ಎಂಬ ಬಗ್ಗೆ ಗಣಿತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ.

ನಮಸ್ಕಾರ.