ನಮ್ಮನ್ನು ನಂಬಿ ಕೊಟ್ಟದ್ದು

ಕೇಳುಗರೇ, ನಮಸ್ಕಾರ.

ಹೊರಗೆ ಮೃಗಶಿರ ಮಳೆ ಶುರುವಾಗಿದೆ. ನಮ್ಮ ತೀರ್ಥಹಳ್ಳಿ ಕಡೆ ಅಂತೂ ಮೂರು ದಿನದಿಂದ ಬಿಡದೆ ಹಿಡಿದಿದೆ. ಈಗ ಒಲೆ ಮುಂದೆ ಕೂತು ಕೇಳುತ್ತಿರುವವರು ಎಷ್ಟು ಜನವೋ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಕೇಳುತ್ತಿರುವವರು ಎಷ್ಟು ಜನವೋ. ನಾನೂ ನಿಮ್ಮ ಹಾಗೇ ಅಡಿಕೆ ತೋಟದವನು. ಒಂದು ಎಕರೆ ಚಿಲ್ಲರೆ ತೋಟ ಇದೆ. ನಮ್ಮೂರಿನ ಸಣ್ಣ ಕ್ರೈಸ್ತ ಸಭೆಯಲ್ಲಿ, ಪಾದ್ರಿ ಅಯ್ಯನವರು ಬರಲಾಗದ ಭಾನುವಾರ, ವಾಕ್ಯ ಓದಿ ನಾಲ್ಕು ಮಾತು ಹೇಳುತ್ತೇನೆ. ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯ ನೋಡಿದವರಿಗೆ ಗೊತ್ತು, ಅದರೊಳಗೆ ನಿಂತರೆ ಕತ್ತೆತ್ತಿ ನೋಡಬೇಕು. ನಮ್ಮದು ಹಾಗಲ್ಲ. ಹೆಂಚಿನ ಮಾಡು, ಎರಡು ಸಾಲು ಬೆಂಚು. ಊರಲ್ಲಿ ಕ್ರೈಸ್ತರ ಮನೆ ಇರುವುದೇ ಆರು.

ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. 'ನಂಬಿಗಸ್ತ' ಅನ್ನುವ ಪದ. ಕನ್ನಡ ಬೈಬಲ್ ಓದುವವರಿಗೆ ಇದು ಚೆನ್ನಾಗಿ ಪರಿಚಯ. ಹೊರಗೆ ಇದರ ಬಳಕೆ ಕಡಿಮೆಯಾಗಿದೆ. ಹಿಂದೆ ಹಿರಿಯರು ಹೇಳುತ್ತಿದ್ದರು: 'ಅವನು ನಂಬಿಗಸ್ತ, ಬೀಗದ ಕೈ ಕೊಟ್ಟು ಹೋಗಬಹುದು.'

ನಂಬಿಕೆ ಅಂದರೆ ನಾವು ದೇವರನ್ನು ನಂಬುವುದು. ನಂಬಿಗಸ್ತ ಅಂದರೆ ಬೇರೆಯವರು ನಂಬಬಹುದಾದ ಮನುಷ್ಯ. ಎರಡಕ್ಕೂ ಬೇರು ಒಂದೇ, 'ನಂಬು'. ಹೊಸ ಒಡಂಬಡಿಕೆ ಬರೆದ ಗ್ರೀಕ್ ಭಾಷೆಯಲ್ಲೂ ಹಾಗೇ ಇದೆ. ನಂಬಿಕೆಗೆ 'ಪಿಸ್ತಿಸ್', ನಂಬಿಗಸ್ತನಿಗೆ 'ಪಿಸ್ತೋಸ್'. ಇದು ತಿಳಿದ ದಿನ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ. ಯಾಕೆಂದರೆ ಅಲ್ಲಿಯವರೆಗೆ ನಾನು ಅರ್ಧವನ್ನೇ ಹಿಡಿದುಕೊಂಡಿದ್ದೆ. 'ನಾನು ದೇವರನ್ನು ನಂಬಿದ್ದೇನೆ' ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ದೇವರು ನನ್ನನ್ನು ನಂಬಿ ಏನು ಕೊಟ್ಟಿದ್ದಾರೆ ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಯೇಸುಸ್ವಾಮಿ ಹೇಳಿದ ತಲಾಂತುಗಳ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ನಿಮಗೆ ಗೊತ್ತಿರಬಹುದು. ಮತ್ತಾಯನ ಸುವಾರ್ತೆ 25ನೇ ಅಧ್ಯಾಯದಲ್ಲಿದೆ. ಯಜಮಾನ ದೂರದೇಶಕ್ಕೆ ಹೊರಡುತ್ತಾನೆ. ಆಳುಗಳನ್ನು ಕರೆದು ತನ್ನ ಆಸ್ತಿಯನ್ನು ಒಪ್ಪಿಸುತ್ತಾನೆ. ಒಬ್ಬನಿಗೆ ಐದು ತಲಾಂತು ಹಣ, ಒಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು. ಐದು ಸಿಕ್ಕವನು ವ್ಯಾಪಾರ ಮಾಡಿ ಇನ್ನೈದು ಸಂಪಾದಿಸಿದ. ಎರಡು ಸಿಕ್ಕವನು ಇನ್ನೆರಡು. ಒಂದು ಸಿಕ್ಕವನು ಗುಂಡಿ ತೋಡಿ ಹೂತಿಟ್ಟ.

ಚಿಕ್ಕವನಿದ್ದಾಗ ಸಂಡೇ ಸ್ಕೂಲಿನಲ್ಲಿ ಈ ಕಥೆ ಕೇಳಿದಾಗ ನನಗೆ ಆ ಮೂರನೆಯವನ ಮೇಲೆ ಅಯ್ಯೋ ಅನ್ನಿಸುತ್ತಿತ್ತು. ಪಾಪ, ಅವನಿಗೆ ಸಿಕ್ಕಿದ್ದೇ ಒಂದು, ಅಲ್ವಾ? ಒಂದು ತಲಾಂತು ಅಂದರೆ ಎಷ್ಟು ಅಂತ ಗೊತ್ತಾದದ್ದು ಆಮೇಲೆ. ಆ ಕಾಲದಲ್ಲಿ ಕೂಲಿಯವನ ಒಂದು ದಿನದ ಸಂಬಳ ಒಂದು ದಿನಾರಿ. ಅಂಥ ಸುಮಾರು 6,000 ದಿನಾರಿ ಸೇರಿದರೆ ಒಂದು ತಲಾಂತು. ವರ್ಷಕ್ಕೆ 300 ದಿನ ಕೆಲಸ ಅಂತ ಹಿಡಿಯಿರಿ. 20 ವರ್ಷದ ಕೂಲಿ ಆಯಿತು! ನಮ್ಮ ತೋಟದ ಕೆಲಸಕ್ಕೆ ಬರುವವರ ಈಗಿನ ಕೂಲಿಯನ್ನು 6,000 ದಿನಕ್ಕೆ ಗುಣಿಸಿ ನೋಡಿ. ಆ ಮನುಷ್ಯನ ಕೈಗೆ ಅಷ್ಟು ಬಂದಿತ್ತು. ಪಕ್ಕದವನ ಐದರ ಕಡೆ ನೋಡಿದ್ದರಿಂದ ತನ್ನದು ಅವನ ಕಣ್ಣಿಗೆ ಸಣ್ಣದಾಗಿ ಕಂಡಿತೋ ಏನೋ. ಬೈಬಲ್ ಹಾಗೆ ಹೇಳುವುದಿಲ್ಲ, ಯಜಮಾನನಿಗೆ ಹೆದರಿದ ಅಂತ ಮಾತ್ರ ಹೇಳುತ್ತದೆ. ಆದರೆ ಹೆದರಿಕೆ ಮತ್ತು ಹೋಲಿಕೆ ಒಟ್ಟಿಗೇ ಓಡಾಡುವುದನ್ನು ನಾನು ನನ್ನಲ್ಲೇ ನೋಡಿದ್ದೇನೆ.

ಇನ್ನೊಂದು ವಿಷಯ ಗಮನಿಸಿ. ಐದಕ್ಕೆ ಐದು ತಂದವನಿಗೂ ಎರಡಕ್ಕೆ ಎರಡು ತಂದವನಿಗೂ ಯಜಮಾನ ಹೇಳಿದ ಮಾತು ಒಂದೇ. ಭಲಾ, ನೀನು ನಂಬಿಗಸ್ತನಾದ ಒಳ್ಳೆಯ ಆಳು. ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ.

ನಮ್ಮ ಸಭೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಡಿಪ್ಲೊಮಾ ಮಾಡಿ ಬೆಂಗಳೂರಿಗೆ ಹೋಗಿದ್ದ. ಕೆಲಸ ಹೋಯಿತು, ಊರಿಗೆ ಬಂದ. ಒಂದು ಸಂಜೆ ಜಗಲಿ ಮೇಲೆ ಕೂತು ಕೇಳಿದ: 'ಅಂಕಲ್, ದೇವರು ನನ್ನ ಬಗ್ಗೆ ಏನೋ ಉದ್ದೇಶ ಇಟ್ಟಿದ್ದಾರೆ ಅಂತ ಎಲ್ಲರೂ ಹೇಳ್ತಾರೆ. ಅದು ಏನು ಅಂತ ನನಗೆ ಹೇಗೆ ಗೊತ್ತಾಗಬೇಕು?' ಅವನ ಗಂಟಲು ಕಟ್ಟಿತ್ತು.

ನನಗೆ ಮೋಶೆಯ ನೆನಪಾಯಿತು. ಐಗುಪ್ತದ ಗುಲಾಮಗಿರಿಯಿಂದ ತನ್ನ ಜನರನ್ನು ಬಿಡಿಸು ಅಂತ ಉರಿಯುವ ಪೊದೆಯ ಹತ್ತಿರ ದೇವರು ಮೋಶೆಯನ್ನು ಕರೆದಾಗ ಅವನು ಒಂದಾದ ಮೇಲೆ ಒಂದು ನೆಪ ಹೇಳುತ್ತಾನೆ. ನಾನು ಯಾರು, ಅವರು ನನ್ನ ಮಾತು ಕೇಳಲ್ಲ. ಆಗ ದೇವರು ಕೇಳಿದ್ದು, ನಿನ್ನ ಕೈಯಲ್ಲಿ ಏನಿದೆ ಅಂತ. ಇದ್ದದ್ದು ಒಂದು ಕೋಲು. ಮಾವನ ಕುರಿ ಕಾಯಲು ಹಿಡಿದುಕೊಂಡಿದ್ದ ಕೋಲು. ಆಮೇಲೆ ಸಮುದ್ರದ ಮೇಲೆ ಚಾಚಿದ್ದೂ ಅದೇ ಕೋಲನ್ನು.

'ನಿನ್ನ ಕೈಯಲ್ಲಿ ಏನಿದೆ?' ಅಂತ ನಾನೂ ಅವನನ್ನು ಕೇಳಿದೆ. 'ಏನೂ ಇಲ್ಲ' ಅಂದ. ಆದರೆ ಅವನ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ. ಬೆಳಿಗ್ಗೆ ಎತ್ತಿ ಕೂರಿಸಿ, ಮೈ ಒರೆಸಿ, ಗಂಜಿ ಕುಡಿಸುವವನು ಅವನೇ. ಊರಲ್ಲಿ ಯಾರ ಪಂಪ್‌ಸೆಟ್ ಕೆಟ್ಟರೂ ಬಿಚ್ಚಿ ಜೋಡಿಸಿ ಕೊಡುತ್ತಾನೆ. ಕೆಲಸ ಅವನಿಗೆ ಇನ್ನೂ ಸಿಕ್ಕಿಲ್ಲ. ಅದನ್ನು ಮುಚ್ಚಿಟ್ಟು ನಿಮಗೆ ಸಿಹಿಕಥೆ ಹೇಳಲಾರೆ. ಅವನ ಪರವಾಗಿ ನಾವು ಪ್ರತಿ ಭಾನುವಾರ ಪ್ರಾರ್ಥಿಸುತ್ತೇವೆ. ಆದರೆ ಅವನ ಬದುಕು ಇನ್ನೂ ಶುರುವಾಗಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಅಜ್ಜಿಗೆ ದಿನಾ ಬೆಳಿಗ್ಗೆ ಯಾರ ಕೈಯ ದಾರಿ ಕಾಯುವುದು ಅಂತ ಗೊತ್ತಿದೆ.

ಬೈಬಲ್ಲಿನ ದಾನಿಯೇಲ ಅಂದ ಕೂಡಲೇ ಎಲ್ಲರಿಗೂ ಅವನನ್ನು ಹಾಕಿದ ಸಿಂಹದ ಗುಹೆ ನೆನಪಾಗುತ್ತದೆ. ಅದಕ್ಕೂ ಮುಂಚಿನ ಸಂಗತಿಯನ್ನು ನಾವು ಬೇಗ ದಾಟಿಬಿಡುತ್ತೇವೆ. ರಾಜ್ಯಕ್ಕೆ 120 ಜನ ಅಧಿಪತಿಗಳು, ಅವರ ಮೇಲೆ ಲೆಕ್ಕ ನೋಡಲು ಮೂವರು. ಆ ಮೂವರಲ್ಲಿ ದಾನಿಯೇಲ ಒಬ್ಬ. ಆಗದವರು ಅವನ ಕೆಲಸದಲ್ಲಿ ತಪ್ಪು ಹುಡುಕಿದರು. ಎಷ್ಟು ಹುಡುಕಿದರೂ ಸಿಗಲಿಲ್ಲ. ಗುಹೆಯಲ್ಲಿ ಕಳೆದದ್ದು ಒಂದು ರಾತ್ರಿ. ಕಚೇರಿಯಲ್ಲಿ ಕಳೆದದ್ದು ವರ್ಷಗಟ್ಟಲೆ.

ನಮ್ಮ ಕನ್ನಡನಾಡಿನಲ್ಲೇ ಇಂಥವರು ಆಗಿಹೋಗಿದ್ದಾರೆ. ಫರ್ಡಿನೆಂಡ್ ಕಿಟೆಲ್ ಜರ್ಮನಿಯಿಂದ ಬಾಸೆಲ್ ಮಿಷನ್ ಪರವಾಗಿ ಇಲ್ಲಿಗೆ ಬಂದದ್ದು 1853ರಲ್ಲಿ, 21ನೇ ವಯಸ್ಸಿಗೆ. ಸುಮಾರು 70,000 ಪದಗಳ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. ಒಂದೊಂದು ಪದಕ್ಕೂ ಓಲೆಗರಿ ನೋಡುವುದು, ಜನರನ್ನು ಕೇಳುವುದು, ಬರೆದಿಡುವುದು. ನಡುವೆ ಎಷ್ಟು ಸಲ 'ಇದರಿಂದ ಯಾರಿಗೇನು' ಅಂತ ಅವರಿಗೆ ಅನ್ನಿಸಿರಬಹುದು! ಇವತ್ತು ಯಾವ ಧರ್ಮದವರೇ ಆಗಲಿ, ಹಳೆಯ ಕನ್ನಡ ಪದದ ಅರ್ಥ ಹುಡುಕುವವರು ಆ ಪುಸ್ತಕ ತೆಗೆಯುತ್ತಾರೆ.

ಅದೇ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಸುವಾರ್ತೆ ಸಾರಲು ಬಂದವರು ಮಣ್ಣು ಕಲಸಿ, ಅಚ್ಚಿಗೆ ಹಾಕಿ, ಒಂದು ಹೆಂಚು ಇನ್ನೊಂದಕ್ಕೆ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡುತ್ತಾ ಕೂತರು. ಮಲೆನಾಡಿನವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಅಂಥ ಸೀಮೆಯಲ್ಲಿ ಹೆಂಚು ಕೂಡಿಕೊಳ್ಳದಿದ್ದರೆ ಹಾಸಿಗೆ ಎಲ್ಲಿ ಹಾಸುವುದು? ಹೆಂಚನ್ನು ಸರಿಯಾಗಿ ಮಾಡುವುದೂ ದೇವರ ಸೇವೆಯೇ ಅಂತ ನಾನು ಮನಸಾರೆ ನಂಬುತ್ತೇನೆ. ಯಾವ ಕೆಲಸ ಮಾಡಿದರೂ ಮನುಷ್ಯರಿಗಾಗಿ ಅಂತ ಮಾಡದೆ ಕರ್ತನಿಗಾಗಿ ಅಂತ ಮನಸ್ಸಿಟ್ಟು ಮಾಡಿ ಅಂತ ಪೌಲ ಕೊಲೊಸ್ಸೆಯವರಿಗೆ ಬರೆದ. ಅವನು ಈ ಮಾತು ಹೇಳಿದ್ದು ಯಾರಿಗೆ ಗೊತ್ತಾ? ಆಳುಗಳಿಗೆ, ಗುಲಾಮರಿಗೆ. ಯಾವ ಕೆಲಸ ಮಾಡಬೇಕು ಅಂತ ಆರಿಸಿಕೊಳ್ಳಲು ಆಗದವರಿಗೆ.

ಈಗ ನನ್ನ ವಿಷಯ. ಇದನ್ನು ಹೇಳದೆ ಮೇಲಿನದ್ದನ್ನೆಲ್ಲ ಹೇಳುವ ಹಕ್ಕು ನನಗಿಲ್ಲ.

ಅಡಿಕೆಗೆ ಕೊಳೆರೋಗ ಬರದ ಹಾಗೆ ಮಳೆಗಾಲದ ಶುರುವಿನಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಪೇಟೆಯ ಕೇಳುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ತಿರುವಬೇಕು. ಆಕಾಶದಂಥ ನೀಲಿ ಬರುತ್ತದೆ. ಹದ ಸರಿಯಾಗಿದೆಯೇ ಅಂತ ನೋಡಲು ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ.

ಮದುವೆಗೆ ಮುಂಚೆ ನಾನು ಊರವರ ತೋಟಕ್ಕೆ ಔಷಧಿ ಕಲಸಿಕೊಡುವ ಕೆಲಸ ಮಾಡುತ್ತಿದ್ದೆ. ಮರ ಹತ್ತುವವರು ಬೇರೆ, ಕೆಳಗೆ ಕಲಸುವವನು ನಾನು. ಒಂದು ವರ್ಷ ನಮ್ಮ ಮೇಲಿನ ಮನೆ ಅಮ್ಮನ ತೋಟ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳು ಸಣ್ಣವರು. ಅವತ್ತು ಮಳೆ ಬಿಟ್ಟು ಹೊಳವಾಗಿತ್ತು. ಸಂಜೆಯೊಳಗೆ ಮುಗಿಸಬೇಕು. 200 ಲೀಟರಿನ ಮೂರು ಡ್ರಮ್ ಆಗಬೇಕಿತ್ತು, ಅಂದರೆ ಆರು ಕಿಲೋ ಮೈಲುತುತ್ತ. ನೋಡಿದರೆ ನಾಲ್ಕೇ ಕಿಲೋ ಇದೆ. ಪೇಟೆಗೆ ಹೋಗಿ ಬಂದರೆ ಹೊಳವು ಕೈತಪ್ಪುತ್ತದೆ. ನಾನು ನಾಲ್ಕನ್ನೇ ಮೂರು ಡ್ರಮ್ಮಿಗೆ ಹಂಚಿದೆ. ಸುಣ್ಣವನ್ನೂ ಅದಕ್ಕೆ ತಕ್ಕ ಹಾಗೆ ಹಾಕಿದೆ. ಕತ್ತಿ ಅದ್ದಿ ನೋಡಿದೆ, ಹದ ಸರಿ ಇತ್ತು. ನೀರು ಜಾಸ್ತಿಯಾಗಿದ್ದನ್ನು ಕತ್ತಿ ತೋರಿಸುವುದಿಲ್ಲ. ಮರದ ಮೇಲಿದ್ದವನಿಗೂ ನೀಲಿ ನೀಲಿಯೇ ಕಂಡಿತು. ಅಮ್ಮ ಮಧ್ಯಾಹ್ನ ನಮಗೆಲ್ಲ ಕಡುಬು ಮಾಡಿ ಬಡಿಸಿದರು. ಪೂರಾ ಕೂಲಿ ಕೊಟ್ಟರು. ತೆಗೆದುಕೊಂಡೆ.

ಆ ವರ್ಷ ಪುಷ್ಯ, ಆಶ್ಲೇಷ ಎರಡೂ ಮಳೆ ಬಿಡಲಿಲ್ಲ. ಅಮ್ಮನ ತೋಟಕ್ಕೆ ಕೊಳೆ ಬಂತು. ಹಸಿರು ಕಾಯಿ ಉದುರಿ ಬುಡದಲ್ಲೆಲ್ಲ ರಾಶಿ. ಆ ಸಲ ಬೇರೆಯವರ ತೋಟಕ್ಕೂ ಕೊಳೆ ಬಂದಿತ್ತು. ನನ್ನಿಂದಲೇ ಹಾಗಾಯಿತೋ, ಮಳೆಯಿಂದ ಆಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ. ಕೇಳದೇ ಇದ್ದದ್ದೇ ಕಷ್ಟವಾಯಿತು. ಪ್ರಾರ್ಥನೆಗೆ ಕೂತರೆ ಆ ನೀಲಿ ಡ್ರಮ್ ಕಣ್ಣ ಮುಂದೆ ಬರುತ್ತಿತ್ತು.

ನಾಲ್ಕು ವರ್ಷ ಆದ ಮೇಲೆ ಹೋಗಿ ಹೇಳಿದೆ. ಅಂಗಳದಲ್ಲೇ ನಿಂತು, ತಲೆ ತಗ್ಗಿಸಿ, ಎಲ್ಲ ಹೇಳಿ, ನಷ್ಟದಲ್ಲಿ ನನ್ನ ಪಾಲು ಎಷ್ಟು ಅಂತ ನೀವೇ ಹೇಳಿ, ಕಂತಿನಲ್ಲಿ ಕೊಡುತ್ತೇನೆ ಅಂದೆ. ಅಮ್ಮ ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿ ಪಕ್ಕಕ್ಕಿಟ್ಟರು. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಆ ವರ್ಷ ದೊಡ್ಡವನ ಫೀಸಿಗೆ ನನ್ನ ಬಳೆ ಅಡವಿಟ್ಟಿದ್ದೆ ಮಾರಾಯ' ಅಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮತ್ತೆ ಅವರೇ ಹೇಳಿದರು: 'ದುಡ್ಡು ಬೇಡ. ಈ ವರ್ಷ ನಮ್ಮ ತೋಟಕ್ಕೆ ಔಷಧಿ ನೀನೇ ಬಂದು ಕಲಸು.'

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ ನನಗೆ ಅರ್ಥವಾದದ್ದು ಅವತ್ತು. ಶಿಷ್ಯ ಪೇತ್ರ ಮೂರು ಸಲ ಯೇಸುವನ್ನು ಅರಿಯೆ ಅಂದಿದ್ದ. ಸತ್ತು ಎದ್ದುಬಂದ ಸ್ವಾಮಿ ಕೆರೆಯ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು. ಮೊದಲು ಊಟ ಕೊಟ್ಟರು. ಆಮೇಲೆ ಮೂರು ಸಲ ಕೇಳಿದರು, ನನ್ನನ್ನು ಪ್ರೀತಿಸುತ್ತೀಯಾ ಅಂತ. ಮೂರು ಸಲವೂ ಒಂದು ಕೆಲಸ ಒಪ್ಪಿಸಿದರು: ನನ್ನ ಕುರಿಗಳನ್ನು ಮೇಯಿಸು. ಕೈಬಿಟ್ಟವನ ಕೈಗೇ ಮತ್ತೆ ಕೊಟ್ಟರು. ಕ್ಷಮೆ ಅಂದರೆ ಹಳೆಯದನ್ನು ಮರೆಯುವುದು ಅಂತ ನಾನು ತಿಳಿದಿದ್ದೆ. ಸ್ವಾಮಿ ಪೇತ್ರನ ಹತ್ತಿರ ಏನನ್ನೂ ಮರೆತಂತೆ ಮಾಡಲಿಲ್ಲ. ಗಾಯ ಇದ್ದಲ್ಲೇ ಮುಟ್ಟಿದರು. ಮುಟ್ಟಿ, ಅವನನ್ನು ಮತ್ತೆ ನಂಬಿದರು.

ಕೇಳುತ್ತಿರುವವರಲ್ಲಿ ಯಾರಿಗಾದರೂ 'ನಾನು ಒಂದು ಸಲ ಹಾಳುಮಾಡಿಕೊಂಡೆ, ಇನ್ನು ನನ್ನ ಕೈಗೆ ದೇವರು ಏನೂ ಕೊಡಲ್ಲ' ಅನ್ನುವ ನೋವಿದ್ದರೆ, ದಯವಿಟ್ಟು ಇವತ್ತು ರಾತ್ರಿ ಆ ಅಧ್ಯಾಯ ತೆಗೆದು ಓದಿ. ಯೋಹಾನ 21. ಒಬ್ಬರೇ ಕೂತು, ನಿಧಾನವಾಗಿ. ಓದಿದ ಮೇಲೆ ಯಾರ ಅಂಗಳಕ್ಕಾದರೂ ಹೋಗಬೇಕು ಅನ್ನಿಸಿದರೆ, ಹೋಗಿ. ಎಲ್ಲರೂ ಅಮ್ಮನ ಹಾಗೆ ಉತ್ತರ ಕೊಡುತ್ತಾರೆ ಅಂತ ನಾನು ಮಾತು ಕೊಡಲಾರೆ. ಆದರೂ ಹೋಗಿ.

ಮೇಲಿನ ಮನೆ ಅಮ್ಮ ಈಗಿಲ್ಲ. ಹೋದ ವರ್ಷ ತೀರಿಕೊಂಡರು. ಮೊನ್ನೆ ಅವರ ದೊಡ್ಡ ಮಗ ಫೋನ್ ಮಾಡಿದ್ದ. 'ಅಣ್ಣಾ, ಮಳೆ ಒಂದು ದಿನ ಬಿಟ್ಟರೆ ಸಾಕು, ಔಷಧಿ ಹೊಡೆಸಬೇಕು. ಕಲಸೋಕೆ ನಿಮ್ಮನ್ನೇ ಕರೀಬೇಕು ಅಂತ ಅಮ್ಮ ಹೇಳಿಟ್ಟಿದ್ದರು.' ತಕ್ಕಡಿ, ಜರಡಿ, ಕತ್ತಿ ಎಲ್ಲ ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಅವರ ತೋಟಕ್ಕೆ ಈಗಲೂ ಆರು ಕಿಲೋ ಮೈಲುತುತ್ತ ಸಾಕು. ಎಂಟು ಕಿಲೋ ತಂದಿಟ್ಟಿದ್ದೇನೆ.

ನಮಸ್ಕಾರ.