ಸಾಂಗೋಲೆಯ ಆಬಾ: ಗಣಪತರಾವ ದೇಶಮುಖ

ಎಲ್ಲರಿಗೂ ನಮಸ್ಕಾರ.

ಮಹಾರಾಷ್ಟ್ರದ ಸಾಂಗೋಲೆಯ ಶಾಸಕರಾಗಿದ್ದ ಗಣಪತರಾವ ದೇಶಮುಖರ ಹೆಸರು ಬಂದರೆ ಸಾಕು, ಜನ ಎಸ್‌ಟಿ ಬಸ್ಸಿನ, ಅಂದರೆ ಸರ್ಕಾರಿ ಸಾರಿಗೆ ಬಸ್ಸಿನ, ಕಥೆ ತೆಗೆಯುತ್ತಾರೆ. ಮಹಾರಾಷ್ಟ್ರದ ಕೆಂಪು ಬಸ್ಸಿನಲ್ಲಿ ಶಾಸಕರಿಗೆ ಅಂತ ಸೀಟು ಮೀಸಲಿರುತ್ತದೆ. ಅದರಲ್ಲಿ ನಿಜವಾಗಿಯೂ ಶಾಸಕರು ಕೂತಿದ್ದನ್ನು ನೀವು ಯಾವಾಗ ನೋಡಿದ್ದೀರಿ? ಇವರು ಕೂರುತ್ತಿದ್ದರು. ಕಥೆ ಸುಳ್ಳಲ್ಲ. ಆದರೆ ಬಸ್ಸಿನಲ್ಲಿ ಓಡಾಡಿದರು ಅಂತ ಯಾರೂ ಒಬ್ಬರನ್ನೇ ಹನ್ನೊಂದು ಸಲ ಆರಿಸುವುದಿಲ್ಲ, ಅಲ್ವಾ?

ಸೋಲಾಪುರ ಜಿಲ್ಲೆಯ ಸಾಂಗೋಲೆ ನಮಗೆ ಹೊರಗಿನ ಸೀಮೆಯೇನಲ್ಲ. ಒಂದು ಮಗ್ಗುಲಿಗೆ ಮಂಗಳವೇಢೆ, ಬಸವಣ್ಣನವರು ಬಿಜ್ಜಳನ ಬಳಿ ಕರಣಿಕರಾಗಿದ್ದ ಊರು. ಇನ್ನೊಂದು ಮಗ್ಗುಲಿಗೆ ಜತ್ತ, ಇವತ್ತಿಗೂ ಕನ್ನಡ ಮಾತಾಡುವ ತಾಲೂಕು. ಮಳೆ ಮಾತ್ರ ಮೂರೂ ಕಡೆ ಕೈಕೊಡುತ್ತದೆ.

ದೇಶಮುಖರು ವಕೀಲರು. ಶೇತಕರಿ ಕಾಮಗಾರ ಪಕ್ಷದಿಂದ, ಅಂದರೆ ರೈತ ಕಾರ್ಮಿಕರ ಪಕ್ಷದಿಂದ, 1962ರಲ್ಲಿ ಮೊದಲ ಸಲ ಗೆದ್ದರು. 2014ರಲ್ಲಿ ಹನ್ನೊಂದನೇ ಗೆಲುವು, ಆಗ ವಯಸ್ಸು ಎಂಬತ್ತೈದು ದಾಟಿತ್ತು. ಕ್ಷೇತ್ರ ಬದಲಾಗಲಿಲ್ಲ, ಪಕ್ಷವೂ ಬದಲಾಗಲಿಲ್ಲ. ನಡುವೆ ಸೋತದ್ದು ಎರಡು ಸಲ. 1972ರಲ್ಲಿ ಸೋತರು, 1974ರ ಉಪಚುನಾವಣೆಯಲ್ಲಿ ಮತ್ತೆ ಬಂದರು. 1995ರಲ್ಲಿ ಶಹಾಜಿಬಾಪು ಪಾಟೀಲರ ಎದುರು ಬರೀ 192 ಮತಗಳಲ್ಲಿ ಹೋಯಿತು. 1978ರಲ್ಲಿ, 1999ರಲ್ಲಿ ಮಂತ್ರಿಯೂ ಆದರು. ಉಳಿದಂತೆ ಬಹುಪಾಲು ವಿರೋಧ ಪಕ್ಷದ ಸಾಲೇ. ಅವರ ಪಕ್ಷ ಒಂದು ಕಾಲಕ್ಕೆ ಮಹಾರಾಷ್ಟ್ರದ ಮುಖ್ಯ ವಿರೋಧ ಪಕ್ಷ. ಆಮೇಲೆ ಕಣ್ಣೆದುರೇ ಕರಗುತ್ತಾ ಹೋಯಿತು. ಜೊತೆಯವರು ಒಬ್ಬೊಬ್ಬರಾಗಿ ಕಾಂಗ್ರೆಸ್ ಸೇರಿದರು, ಇವರು ಸೇರಲಿಲ್ಲ.

ನಾನು ಜಾಸ್ತಿ ಹೇಳಬೇಕಾದದ್ದು ನೀರಿನ ವಿಚಾರ. ಬಚಾವತ್ ನ್ಯಾಯಮಂಡಳಿ ಕೃಷ್ಣಾ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560 ಟಿಎಂಸಿ, ನಮಗೆ 700 ಟಿಎಂಸಿ ಹಂಚಿತ್ತು. ರಾಜ್ಯಕ್ಕೆ ಪಾಲು ಸಿಕ್ಕಿತು ಸರಿ, ರಾಜ್ಯದೊಳಗೆ ಅದು ಯಾರ ಹೊಲಕ್ಕೆ? ನದಿ ದಂಡೆಯ ಕಬ್ಬಿಗೆ ಧಾರಾಳ, ಸಾಂಗೋಲೆ, ಪಕ್ಕದ ಆಟಪಾಡಿ ತಾಲೂಕಿಗೆ ಬರೀ ಆಶ್ವಾಸನೆ. 1993ರಿಂದ ಸಾಂಗ್ಲಿ, ಸಾತಾರ, ಸೋಲಾಪುರ ಜಿಲ್ಲೆಗಳ ಹದಿಮೂರು ಬರಪೀಡಿತ ತಾಲೂಕುಗಳ ರೈತರು ನೀರಿನ ಪರಿಷತ್ತಿನಲ್ಲಿ ಒಟ್ಟಾದರು. ಮುಂದೆ ನಿಂತವರು ಸ್ವಾತಂತ್ರ್ಯ ಹೋರಾಟಗಾರ ನಾಗನಾಥಅಣ್ಣಾ ನಾಯಕವಡಿ, ಚಳವಳಿಗಾರ ಭಾರತ ಪಾಟಣಕರ್ ಮತ್ತು ದೇಶಮುಖರು. ಕರಾಡದ ಹತ್ತಿರ ಕೃಷ್ಣೆಯಿಂದ ಹಂತ ಹಂತವಾಗಿ ನೀರೆತ್ತುವ ಟೆಂಭು ಯೋಜನೆಗೆ ಬೆನ್ನು ಬಿದ್ದವರೂ ಇವರೇ. ಸಾಂಗೋಲೆ ಆ ಯೋಜನೆಯ ಬಾಲದ ತುದಿ. ಕಾಲುವೆಯ ತುದಿಯಲ್ಲಿ ಹೊಲ ಇರುವವರಿಗೆ ಅದರ ಸಂಕಟ ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ತಿರುಗಿಸಿಕೊಂಡು ಮಿಕ್ಕರೆ ಇವರ ಪಾಳಿ. ಹಾಗಾಗಿ ಸದನದಲ್ಲಿ ಒಂದೇ ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳುವ ಶಾಸಕ ಅವರಿಗೆ ಬೇಕಿತ್ತು. ಊರಲ್ಲಿ ಸಹಕಾರಿ ನೂಲಿನ ಗಿರಣಿಯನ್ನೂ ಕಟ್ಟಿದರು. ಆದರೂ ನನ್ನ ಲೆಕ್ಕದಲ್ಲಿ ನೀರಿನ ಕೆಲಸವೇ ದೊಡ್ಡದು.

2019ರಲ್ಲಿ ಅವರು ಸ್ಪರ್ಧಿಸಲಿಲ್ಲ. ಮೊಮ್ಮಗ ಅನಿಕೇತ ನಿಂತರು, ಅದೇ ಶಹಾಜಿಬಾಪು ಎದುರು ಸ್ವಲ್ಪದರಲ್ಲೇ ಸೋತರು. ಆಬಾ 2021ರ ಜುಲೈ 30ರಂದು ಸೋಲಾಪುರದಲ್ಲಿ ತೀರಿಕೊಂಡರು. 2024ರಲ್ಲಿ ಇನ್ನೊಬ್ಬ ಮೊಮ್ಮಗ ಬಾಬಾಸಾಹೇಬ ಶಹಾಜಿಬಾಪು ಅವರನ್ನು ಸೋಲಿಸಿದರು. ಮನೆತನದ ರಾಜಕಾರಣ ಅಂತ ಮೂಗು ಮುರಿಯಬಹುದು, ನನಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಆ ಸಲ ಇಡೀ ಮಹಾರಾಷ್ಟ್ರದಲ್ಲಿ ಶೇತಕರಿ ಕಾಮಗಾರ ಪಕ್ಷ ಗೆದ್ದದ್ದು ಸಾಂಗೋಲೆ ಒಂದನ್ನೇ.