ಬೇಸ್ ಹುಡುಗ ದುಬೈಗೆ, ಆಂಪ್ ಯಾರಿಗೆ?

ಈಗ ನೀವು ನೋಡುತ್ತಿರುವುದು ಮಂಗಳೂರಿನ ನಂತೂರು ಸರ್ಕಲ್. ನೋಡ್ತಾ ಇರಿ, ಬೇಗ ಏನೂ ಬದಲಾಗುವುದಿಲ್ಲ. ಬಸ್ಸಿನವರು, ಲಾರಿಯವರು, ಸ್ಕೂಟರಿನವರು, ಎಲ್ಲರಿಗೂ ತಾನೇ ಮೊದಲು ನುಗ್ಗಬೇಕು. ಇರಲಿ. ವಿಷಯ ಎಂತ ಅಂದರೆ, ನಮ್ಮ ಬೇಸ್ ಗಿಟಾರಿನ, ಅಂದರೆ ತಗ್ಗು ಸ್ವರದ ಗಿಟಾರಿನ, ಹುಡುಗ ಬ್ಯಾಂಡ್ ಬಿಡುತ್ತಿದ್ದಾನೆ. ಜಗಳ ಗಿಗಳ ಏನಿಲ್ಲ. ದುಬೈಯಲ್ಲಿ ಕೆಲಸ ಸಿಕ್ಕಿದೆ. ಮಂಗಳೂರಿನ ಬ್ಯಾಂಡುಗಳಿಗೆ ಇದೇನು ಹೊಸತಾ? ಕೈ ಪಳಗಿತು ಅನ್ನುವಾಗ ವೀಸಾ ಬರುತ್ತದೆ.

ಪುಣ್ಯಕ್ಕೆ ಈಗ ಆಟಿ, ತುಳುವರ ಮಳೆಗಾಲದ ತಿಂಗಳು, ಕಾರ್ಯಕ್ರಮ ಕಡಿಮೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಇಲ್ಲಿನ ಕ್ರೈಸ್ತರ ತೆನೆ ಹಬ್ಬ, ಕಳೆದರೆ ಫೋನ್ ಶುರು. ಕ್ರಿಸ್ಮಸ್ ಆದ ಮೇಲೆ ಮದುವೆಗೆ ಮೊದಲಿನ ರೋಸ್ ಶಾಸ್ತ್ರ, ಮದುವೆ, ರಿಸೆಪ್ಶನ್ ಅಂತ ಪುರುಸೊತ್ತೇ ಇರುವುದಿಲ್ಲ. ಅಷ್ಟರೊಳಗೆ ತೀರ್ಮಾನ ಆಗಬೇಕು.

ಬಿಜೈ ಬಂತು. ಪ್ರಾಕ್ಟೀಸ್ ಜಾಗ ಅಂದರೆ ಡ್ರಮ್ಮರ್ ಮನೆಯ ಕಾರ್ ಶೆಡ್. ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿದೆ, ಅವರ ಅಪ್ಪನ ಮುಖ ಹಾಗಿರುವುದು ಅದಕ್ಕೇ.

ಈಗ ಈ ಬೇಸ್ ಆಂಪ್ ನೋಡಿ, ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ. ಹತ್ತಿರದಿಂದ ತೋರಿಸ್ತೇನೆ. ಮೂಲೆಯ ರೆಕ್ಸಿನ್ ಕಿತ್ತಿದೆ. ಮುಂದಿನ ಜಾಲರಿಗೆ ಉಪ್ಪು ಗಾಳಿಯ ತುಕ್ಕು. ವಾಲ್ಯೂಮ್ ನಾಬ್ ಕಳೆದುಹೋಗಿ ಆ ಜಾಗದಲ್ಲಿ ಟೂತ್‌ಪೇಸ್ಟ್ ಮುಚ್ಚಳ ಕೂತಿದೆ, ಅದು ಹಳೆಯದಕ್ಕಿಂತ ಚೆನ್ನಾಗಿ ತಿರುಗುತ್ತದೆ. ಇದನ್ನು ನಾಲ್ವರು ತಲಾ 9,000 ಹಾಕಿ 36,000 ರೂಪಾಯಿಗೆ ತಂದದ್ದು. ಈಗ ಅವನ ಪಾಲು ಎಷ್ಟು?

ಅವನು ಹೇಳಿದ, ನನ್ನ 9,000 ಕೊಡಿ ಸಾಕು. ಕೀಬೋರ್ಡಿನವಳು ಹೇಳಿದಳು, ತಾನಾಗಿ ಬಿಟ್ಟು ಹೋಗುವವರಿಗೆ ಪಾಲೇ ಇಲ್ಲ. ನಾನು ಬುದ್ಧಿವಂತನ ಹಾಗೆ, ಹಳೆಯ ಸಾಮಾನು, ಈಗ ಮಾರಿದರೆ 14,000 ಬಂದರೆ ಹೆಚ್ಚು, ನಿನಗೆ 3,500 ಅಂದೆ. ಅವನು ಒಂದು ನಿಮಿಷ ಯೋಚಿಸಿ, ಸರಿ ಮಾರಾಯ, ಹಾಗಾದರೆ ನಿಮಗೆ ಮೂವರಿಗೂ ನಾನೇ ತಲಾ 3,500 ಕೊಡ್ತೇನೆ, ಆಂಪ್ ನನಗೆ ಬಿಡಿ ಅಂದ. ಯಾರಿಗೂ ಮಾತಿಲ್ಲ. ಡ್ರಮ್ಮರ್ ಸುಮ್ನೆ ಸಿಂಬಲ್ ಒರೆಸಲಿಕ್ಕೆ ಶುರು ಮಾಡಿದ. ಕೊಡುವಾಗ ಒಂದು ರೇಟು, ತೆಗೆದುಕೊಳ್ಳುವಾಗ ಇನ್ನೊಂದು ಆಗುವುದಿಲ್ಲ ಅಲ್ವಾ? ಕೊನೆಗೆ ಅವನಿಗೆ 5,500 ಕೊಟ್ಟು ಆಂಪ್ ನಮಗೇ ಅಂತ ಇತ್ಯರ್ಥ. ಸಂಗೀತದ ಬಗ್ಗೆ ಅಷ್ಟು ಹೊತ್ತೂ ಒಬ್ಬರೂ ಮಾತಾಡಲಿಲ್ಲ.

ಈ ಗೋಳಿಬಜೆ ಡ್ರಮ್ಮರ್‌ನ ಅಮ್ಮ ಕಳಿಸಿದ್ದು. ಹೋಟೆಲಿನದ್ದು ಇದರ ಹತ್ತಿರವೂ ಬರುವುದಿಲ್ಲ. ಚಟ್ನಿ ಮಾತ್ರ ನೀರು. ಸರಿ, ವಿಷಯಕ್ಕೆ ಬರುತ್ತೇನೆ.

ಬೇಸ್ ಇಲ್ಲದೆ ನಡೆಸಬಹುದಾ? ನಡೆಸಿದವರಿದ್ದಾರೆ. ಅಮೆರಿಕದ ಡೋರ್ಸ್ ಬ್ಯಾಂಡಿಗೆ ವೇದಿಕೆಯಲ್ಲಿ ಬೇಸ್ ವಾದಕನೇ ಇರಲಿಲ್ಲ. ರೇ ಮಂಜರೆಕ್ ಬಲಗೈಯಲ್ಲಿ ಆರ್ಗನ್ ನುಡಿಸುತ್ತಾ ಎಡಗೈಯಲ್ಲಿ ಕೀಬೋರ್ಡ್ ಬೇಸ್ ಬಾರಿಸುತ್ತಿದ್ದರು. ನಮ್ಮವಳೂ ಪ್ರಯತ್ನಿಸಿದಳು, ಇಗೋ ಈ ಶಾಟ್. ನಿಧಾನದ ಹಾಡಿಗೆ ಚಂದ ಬಂತು. ಬಾಯ್ಲಾ, ಅಂದರೆ ಮದುವೆಯಲ್ಲಿ ಕುಣಿಸುವ ವೇಗದ ಹಾಡು, ಶುರುವಾದ ಕೂಡಲೇ ಕೆಟ್ಟಿತು. ಬಲಗೈಗೆ ಅಕಾರ್ಡಿಯನ್ ಭಾಗದ್ದೇ ಬೇಕಾದಷ್ಟು ಕೆಲಸ, ಎಡಗೈ ತಾಳ ಬಿಟ್ಟು ಹಿಂದೆ ಉಳಿಯುತ್ತದೆ. ಬಾಯ್ಲಾದಲ್ಲಿ ಬೇಸ್ ಕುಣಿಯದಿದ್ದರೆ ಮದುವೆ ಹಾಲ್‌ನಲ್ಲಿ ಆಂಟಿಯರು ಕುರ್ಚಿ ಬಿಟ್ಟು ಏಳುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಬೇಸ್ ಟ್ರ್ಯಾಕ್ ಹಾಕೋಣ ಅಂದ ಡ್ರಮ್ಮರ್. ಅದು ಕರೋಕೆ ಅಂತ ನಾನು ಬೈದೆ. ಕೇಳಿ ನೋಡಿದೆ, ಅಷ್ಟು ಕೆಟ್ಟದೇನಿಲ್ಲ. ಆದರೆ ಜನ ಇನ್ನೊಂದು ಸುತ್ತು ಅಂತ ಕೂಗಿದರೆ ಟ್ರ್ಯಾಕಿಗೆ ಕಿವಿ ಇಲ್ಲವಲ್ಲ. ಬೇಡ.

ಇಂಡಿಯನ್ ಓಶನ್ ಗೊತ್ತಲ್ವಾ, ದೆಹಲಿಯ ಬ್ಯಾಂಡ್. ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ 2009ರಲ್ಲಿ ತೀರಿಕೊಂಡರು. ಆಮೇಲೆ ಅವರು ತಬಲಾಕ್ಕೆ ಒಬ್ಬರನ್ನು, ಹಾಡಿಗೆ ಇನ್ನೊಬ್ಬರನ್ನು ಸೇರಿಸಿಕೊಂಡರು. ನಮ್ಮವನು ವಿಮಾನ ಹತ್ತುತ್ತಿದ್ದಾನೆ ಅಷ್ಟೇ, ಎರಡನ್ನೂ ಹೋಲಿಸಬಾರದು. ಆದರೂ, ಅದೇ ಥರದವನೇ ಬೇಕು ಅಂತ ಹುಡುಕುತ್ತಾ ಕೂರುವುದು ದಡ್ಡತನ.

ಹಾಗಾಗಿ ಸುರತ್ಕಲ್ ಕಡೆಯ ಒಬ್ಬ ಹುಡುಗನಿಗೆ ಹೇಳಿದ್ದೇವೆ. ಸದ್ಯಕ್ಕೆ ಬ್ಯಾಂಡಿನಲ್ಲಿ ಪಾಲಿಲ್ಲ, ಒಂದು ಕಾರ್ಯಕ್ರಮಕ್ಕೆ ಇಷ್ಟು ಅಂತ ಸಂಬಳ. ಜನವರಿ ಕಳೆಯಲಿ, ಅವನಿಗೆ ನಾವು ಹಿಡಿಸಬೇಕಲ್ಲ! ಶನಿವಾರ ಬರುತ್ತಾನೆ. ಕೇಬಲ್ ನಿನ್ನದೇ ತಾ ಅಂತ ಮೊದಲೇ ಹೇಳಿ ಆಗಿದೆ.